ಇಂದಿನ ಧಮ್ಮ ಚಿಂತನೆ: ಬಾಗಿಲು ಕಾಯುವವರು ಯಾರು?





ಕಂಪ್ಯೂಟರ್ ಮುಂದೆ ಓದಲು ಕೂತಿರುತ್ತೇವೆ. ಪರದೆಯ ಮೂಲೆಯಲ್ಲಿ ಒಂದು ಚೌಕ ಮೇಲೇಳುತ್ತದೆ, ‘ಟಿಂಗ್’ ಎನ್ನುತ್ತದೆ. ಯಾವುದೋ ಅಂಗಡಿ ರಿಯಾಯಿತಿ ಕೊಟ್ಟಿದೆ, ಯಾವುದೋ ಗುಂಪಿನಲ್ಲಿ ಶುಭೋದಯ ಬಂದಿದೆ. ನೋಡಲು ಎರಡು ಕ್ಷಣ ಸಾಕು. ಬಿಟ್ಟ ಸಾಲಿಗೆ ಮನಸ್ಸು ಮರಳಲು ಅಷ್ಟು ಸಾಲದು. ಪಾಠ ನಡೆಯುವಾಗ ಬಾಗಿಲಲ್ಲಿ ಯಾರೋ ಇಣುಕಿದರೆ ಇಡೀ ತರಗತಿಯ ತಲೆಗಳು ಅತ್ತ ತಿರುಗುತ್ತವೆ. ಇಣುಕಿದವರು ಹೋದ ಮೇಲೂ ಮಕ್ಕಳನ್ನು ಪದ್ಯಕ್ಕೆ ಮರಳಿ ತರುವ ಕಷ್ಟ ಪಾಠ ಮಾಡುವವರಿಗೆಲ್ಲ ಗೊತ್ತು.

ಈ ಸದ್ದನ್ನು ನಿಲ್ಲಿಸುವುದು ಸ್ವಾರ್ಥವೇ? ಇಂದು ಇದನ್ನು ಯೋಚಿಸೋಣ.

ಸಂಯುತ್ತ ನಿಕಾಯದ ಕಿಂಸುಕೋಪಮ ಸುತ್ತದಲ್ಲಿ ಭಗವಾನ್ ಬುದ್ಧರು ಗಡಿನಾಡಿನ ಕೋಟೆಯೊಂದರ ಹೋಲಿಕೆ ಕೊಡುತ್ತಾರೆ. ಕೋಟೆಗೆ ಆರು ಬಾಗಿಲು: ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಮನಸ್ಸು. ಬಾಗಿಲಲ್ಲಿ ಒಬ್ಬ ಜಾಣ ಕಾವಲುಗಾರ. ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿನವರನ್ನು ಒಳಗೆ ಬಿಡುತ್ತಾನೆ. ದೂತರು ಬಂದು ನಗರದ ಒಡೆಯ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸುತ್ತಾನೆ. ಅವರು ಒಡೆಯನಿಗೆ ಸತ್ಯದ ಸಂದೇಶ ಮುಟ್ಟಿಸಿ ಹೋಗುತ್ತಾರೆ. ಆ ಕಾವಲುಗಾರನೇ ಪಾಳಿಯಲ್ಲಿ ಹೇಳುವ ‘ಸತಿ’, ನಮ್ಮ ಮಾತಿನಲ್ಲಿ ಎಚ್ಚರ.

ಈ ಕೋಟೆಯ ಬಾಗಿಲಿಗೆ ಗೋಡೆ ಕಟ್ಟಿಲ್ಲ, ಹಾಗೆಂದು ಅದನ್ನು ಹಾರುಹೊಡೆದೂ ಬಿಟ್ಟಿಲ್ಲ. ಆಯ್ಕೆ ಮಾಡುವ ಒಬ್ಬನಿದ್ದಾನೆ. ಎಲ್ಲ ನೋಟಿಫಿಕೇಶನ್‌ಗಳಿಗೂ ‘ಅಲೋ’ ಒತ್ತಿದ ದಿನ ಆ ಆಯ್ಕೆಯನ್ನು ನಾವು ಆ್ಯಪ್ ಕಂಪನಿಗೆ ಒಪ್ಪಿಸಿರುತ್ತೇವೆ.

ನಮಗೆ ಈ ಪ್ರಶ್ನೆ ಇನ್ನೂ ಆಳದ್ದು. ನಮ್ಮ ಹಿರಿಯರ ವೇಳೆ ಅವರದಾಗಿರಲಿಲ್ಲ. ಗೌಡರ ಮನೆಯಿಂದ ಕೂಗು ಬಂದರೆ ಉಣ್ಣುವ ತಟ್ಟೆ ಬಿಟ್ಟು ಏಳಬೇಕಿತ್ತು. ತೋಟಿ ಕೆಲಸ, ಬಿಟ್ಟಿ ಚಾಕರಿ, ಜೀತ, ಇವೆಲ್ಲ ದುಡಿಮೆಯ ಜೊತೆಗೆ ವೇಳೆಯನ್ನೂ ಕಸಿದವು. ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ 1945ರ ಗ್ರಂಥದಲ್ಲಿ ಬಾಬಾಸಾಹೇಬರು ಯಂತ್ರಗಳ ಪರವಾಗಿ ವಾದಿಸಿದರು. ಬಿಡುವಿಲ್ಲದೆ ಮನುಷ್ಯನಿಗೆ ಸಂಸ್ಕೃತಿಯ ಬದುಕಿಲ್ಲ, ಆ ಬಿಡುವನ್ನು ಯಂತ್ರ ಕೊಡುತ್ತದೆ ಎಂಬುದು ಅವರ ವಾದದ ತಿರುಳು. ಬಿಡುವು ಕೊಡಬೇಕಾದ ಯಂತ್ರವೇ ಬಿಡುವನ್ನು ಕಸಿಯುತ್ತಿದ್ದರೆ ಅದನ್ನು ಅದರ ಜಾಗದಲ್ಲಿ ಕೂರಿಸಬೇಕಾದವರು ನಾವು.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಇದೆ. ಊರಲ್ಲಿ ನಮ್ಮವರ ಮೇಲೆ ಹಲ್ಲೆಯಾದರೆ, ಆಸ್ಪತ್ರೆಯಲ್ಲಿರುವವರಿಗೆ ರಕ್ತ ಬೇಕಾದರೆ, ಸುದ್ದಿ ತಲುಪಬೇಡವೇ? ತಲುಪಲೇಬೇಕು. ಸತ್ಯದ ಸಂದೇಶ ತರುವ ದೂತ ಅವನೇ. ಆದರೆ ನೂರು ‘ಟಿಂಗ್’ಗಳ ನಡುವೆ ಅವನ ದನಿಯೇ ಮುಳುಗಿಹೋಗುತ್ತದೆ. ಆದ್ದರಿಂದ ತುರ್ತಿದ್ದರೆ ಫೋನ್ ಕರೆ, ಉಳಿದದ್ದಕ್ಕೆ ಸಂದೇಶ ಎಂದು ಮನೆಯಲ್ಲಿ, ಸಂಘದಲ್ಲಿ ಮಾತಾಡಿಕೊಳ್ಳೋಣ. ವಾಟ್ಸಾಪ್ ಗುಂಪನ್ನು 8 ಗಂಟೆ, 1 ವಾರ ಅಥವಾ ಸದಾಕಾಲಕ್ಕೆ ಮೌನವಾಗಿಸಬಹುದು. ಕಂಪ್ಯೂಟರಿನಲ್ಲೂ ಫೋನಿನಲ್ಲೂ ‘ಡು ನಾಟ್ ಡಿಸ್ಟರ್ಬ್’ ಇದೆ. ಫೋನಿನಲ್ಲಿ ಅದನ್ನು ಹಾಕಿದಾಗಲೂ ಆಯ್ದವರ ಕರೆ ಬರುವಂತೆ ಮಾಡಬಹುದು.

ಇಷ್ಟಕ್ಕೆ ನಿಂತರೆ ಚಿಂತನೆ ಅರ್ಧವೇ. ಇನ್ನೊಬ್ಬರ ಬಾಗಿಲಿಗೆ ನಾವೂ ದೂತರು. ಒಳ್ಳೆಯ ಮಾತಿಗೆ ಬುದ್ಧರು ಅಂಗುತ್ತರ ನಿಕಾಯದಲ್ಲಿ ಐದು ಲಕ್ಷಣ ಹೇಳುವಾಗ ಮೊದಲು ಎಣಿಸುವುದು ಸರಿಯಾದ ಕಾಲವನ್ನು. ಸತ್ಯ, ಮೃದುತ್ವ, ಹಿತ, ಮೈತ್ರಿ ಆಮೇಲೆ ಬರುತ್ತವೆ. ರಾತ್ರಿ ಹನ್ನೊಂದಕ್ಕೆ ‘ಬೆಳಿಗ್ಗೆಯೊಳಗೆ ಮಾಹಿತಿ ಕಳಿಸಿ’ ಎನ್ನುವ ಮೇಲಿನವರ ಸಂದೇಶವನ್ನು ನಾನು ಮೌನವಾಗಿಸಬಲ್ಲೆ, ನನ್ನದು ಕಾಯಂ ನೌಕರಿ. ಅತಿಥಿ ಶಿಕ್ಷಕರು, ಗುತ್ತಿಗೆಯ ಪೌರಕಾರ್ಮಿಕರು, ಮನೆಗೆಲಸದ ಅಕ್ಕಂದಿರು ಮೌನವಾಗಿಸಿದರೆ ನಾಳೆ ಕೆಲಸವೇ ಹೋಗಬಹುದು. ಅವರಿಗೆ ‘ಮನಸ್ಸನ್ನು ಕಾಯ್ದುಕೊಳ್ಳಿ’ ಎಂದು ಉಪದೇಶಿಸಿದರೆ ಸಾಲದು. 1946ರ ಕಾರ್ಖಾನೆ ಕಾಯಿದೆಯ ತಿದ್ದುಪಡಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿ ದುಡಿದ ಕಾಲ ಅದು. ಕಾರ್ಮಿಕರಿಗೆ ಆ ಆರು ಗಂಟೆ ಸಿಕ್ಕಿದ್ದು ಧಣಿಯ ದಯೆಯಿಂದಲ್ಲ, ಕಾನೂನಿನಿಂದ. ನಮ್ಮ ಕೈಕೆಳಗೆ ಒಬ್ಬರೇ ಇರಲಿ, ಅವರ ರಾತ್ರಿಯನ್ನು ಅವರಿಗೆ ಬಿಟ್ಟುಕೊಡುವುದೂ ನಮ್ಮ ಶೀಲದ ಭಾಗ.

ಇಂದು ಸಂಜೆ ಒಂದು ಗಂಟೆ ಸದ್ದು ನಿಲ್ಲಿಸಿ. ಓದಿ, ಧ್ಯಾನ ಮಾಡಿ, ಇಲ್ಲವೇ ಮಕ್ಕಳ ಜೊತೆ ಕೂತು ಉಣ್ಣಿ. ಯಾರಿಗಾದರೂ ಕಳಿಸಬೇಕೆಂದಿರುವ ಒಂದು ಸಂದೇಶವನ್ನು ಬೆಳಿಗ್ಗೆಗೆ ತಡೆದಿಡಿ. ಈ ಚಿಂತನೆಯನ್ನೂ ನಿಮಗೆ ಬಿಡುವಾದಾಗ ಓದಿದರೆ ಸಾಕು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.