ವ್ಯವಹಾರದ ನುಡಿ

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಲೆಕ್ಕಪತ್ರದ ಬಿಗಿಮಾತುಗಳನ್ನು ಅವರು ಅರಿಯದವರಲ್ಲ. ಆದರೂ ಗಹನವಾದ ಅನುಭಾವವನ್ನು ಅಂಬಿಗರಿಗೂ ಮಡಿವಾಳರಿಗೂ ತಿಳಿಯುವ ಕನ್ನಡದಲ್ಲಿಯೇ ನುಡಿದರು. ಶಿವನ ಮಾತೇ ಅಷ್ಟು ತಿಳಿಯಾಗಿರುವಲ್ಲಿ ಕಬ್ಬಿನ ಬೆಲೆಯ ಮಾತೇಕೆ ಗೂಢವಾಗಬೇಕು?

ಕೆರಗೋಡಿನ ಸುತ್ತಿನ ರೈತನು ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೆ ಅವನು ಕೇಳುವುದು ಎರಡೇ: ಹಣವೆಷ್ಟು, ಬರುವುದೆಂದು? ಕಿವಿಗೆ ಬೀಳುವುದಾದರೋ ‘ರಿಕವರಿ’, ‘ಎಫ್.ಆರ್.ಪಿ.’, ‘ಪ್ರೋಸೆಸ್’. ರಿಕವರಿಯೆಂದರೆ ನೂರು ಪಾಲು ಕಬ್ಬಿನಿಂದ ದೊರೆಯುವ ಸಕ್ಕರೆಯ ಪಾಲು, ಎಫ್.ಆರ್.ಪಿ. ಎಂದರೆ ಕೇಂದ್ರ ಸರಕಾರವು ಗೊತ್ತುಮಾಡುವ ಕನಿಷ್ಠ ಬೆಲೆ. ಹೊಸ ವಸ್ತುವಿಗೆ ಹೊಸ ಹೆಸರು ಬಂದರೆ ದೋಷವಿಲ್ಲ. ಬಿಡಿಸಿ ಹೇಳಲು ಅರೆಗಳಿಗೆ ಸಾಕು. ‘ಪ್ರೋಸೆಸ್‌ನಲ್ಲಿದೆ’ ಎಂಬುದಕ್ಕೆ ಮಾತ್ರ ಅರ್ಥವೇ ಇಲ್ಲ. ಅದು ತಡಮಾಡುವವನು ಹೊದ್ದ ಮುಸುಕು.

1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿ ಇಂಥ ಮುಸುಕಿಲ್ಲ. ಬೇರೆ ಕರಾರಿಲ್ಲದಿದ್ದರೆ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ.

ಆ ಲೆಕ್ಕದ ಮೇಜಿನ ಹಿಂದೆ ಕುಳಿತ ಲಿಂಗವಂತನಿಗೆ ಅದೇ ಕಾಯಕ. ಬೆಳಗಿನ ಲಿಂಗಪೂಜೆ ಮುಗಿಸಿ ಬಂದವನು ಈ ಎರಡು ಅಂಕಿಗಳನ್ನು ರೈತನಿಗೆ ಓದಿ ಹೇಳಿ, ಹಣ ಬರುವ ದಿನವನ್ನು ಚೀಟಿಯಲ್ಲಿ ಬರೆದುಕೊಡಲಿ.