ಕೇಳುವವರ ಧರ್ಮ

ನಮ್ಮ ಅತ್ತೆಯವರು ಬದುಕಿದ್ದಾಗಿನ ಮಾತು. ದಿನಾ ಬೆಳಿಗ್ಗೆ ನಾನು ಪೇಪರು ಮಡಿಚಿ ಪೆನ್ಸಿಲ್ ಹಿಡಿದು ಕೂರುವುದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ, "ಅದೇನವ್ವ ದಿನಾ ಲೆಕ್ಕ ಬರೀತೀಯ?" ಎಂದು ಕೇಳಿದರು. ಪದಬಂಧ ಎಂದರೆ ಏನೆಂದು ತಿಳಿಸಿ ಹೇಳಿದೆ. "ತಪ್ಪು ಬರೆದ್ರೆ ದುಡ್ಡು ಕಟ್ಟಬೇಕಾ?" "ಇಲ್ಲ ಅತ್ತೆ." "ಸರಿಯಾಗಿ ಬರೆದ್ರೆ ಅವ್ರೇನಾದ್ರೂ ಕೊಡ್ತಾರಾ?" "ಅದೂ ಇಲ್ಲ." "ಮತ್ಯಾಕವ್ವ ಇಷ್ಟು ತಲೆ ಕೆಡಿಸ್ಕತೀಯ?" ಎಂದು ಎದ್ದು ಹೋದರು.

ಆ ದಿನ ನಕ್ಕು ಸುಮ್ಮನಾದೆ. ಆದರೆ ಅವರ ಪ್ರಶ್ನೆ ಸಣ್ಣದಲ್ಲ. ಲಾಭವಿಲ್ಲ, ನಷ್ಟವಿಲ್ಲ, ಆದರೂ ಮಾರನೆಯ ದಿನ ಅಚ್ಚಾದ ಉತ್ತರ ನಾನು ಬರೆದದ್ದಕ್ಕಿಂತ ಬೇರೆಯಾಗಿದ್ದರೆ ಕೆಲವೊಮ್ಮೆ ಅರ್ಧ ದಿನ ಮನಸ್ಸು ಕಹಿಯಾಗಿರುತ್ತದೆ. ನನಗೆ ಗೊತ್ತಿಲ್ಲದೆ ಸೋತಾಗ ಈ ಕಹಿ ಇರುವುದಿಲ್ಲ. ಕೇಳಿದವರು ಸರಿಯಾಗಿ ಕೇಳಲಿಲ್ಲ ಎನ್ನಿಸಿದಾಗ ಮಾತ್ರ ಇರುತ್ತದೆ. ಬಿಡುವಿನ ವೇಳೆಯ ಆಟದಲ್ಲಿ ನ್ಯಾಯ ಅನ್ಯಾಯದ ಮಾತೇಕೆ ಬರಬೇಕು?

ಪದಬಂಧ ನಮ್ಮಲ್ಲಿ ಹುಟ್ಟಿದ್ದಲ್ಲ. 1913ರ ಡಿಸೆಂಬರ್ 21ರ ಭಾನುವಾರ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬುವರು ವಜ್ರದ ಆಕಾರದ ಚೌಕಗಳ ಒಂದು ಆಟವನ್ನು ಪ್ರಕಟಿಸಿದರು. ಇಂದಿನ ಪದಬಂಧಗಳಿಗೆಲ್ಲ ಅದೇ ಮೂಲ. ಕನ್ನಡಕ್ಕೆ ಬಂದ ಮೇಲೆ ಅದು ನಮ್ಮ ಅಕ್ಷರಗಳಿಗೆ ಹೊಂದಿಕೊಳ್ಳಬೇಕಾಯಿತು. ನಮ್ಮ ಅಕ್ಷರ ಒಂಟಿಯಲ್ಲ, ಸಂಸಾರವಂದಿಗ. 'ಸ್ತ್ರೀ' ಎಂಬಲ್ಲಿ ಸಕಾರ, ತಕಾರ, ರಕಾರ, ದೀರ್ಘ ಎಲ್ಲವೂ ಒಂದೇ ಚೌಕದಲ್ಲಿ ಕೂರಬೇಕು. ಎಡದಿಂದ ಬಲಕ್ಕೆ ಬರುವ ಪದದಲ್ಲಿ 'ದ್ದೂ' ಇದ್ದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಪದದಲ್ಲಿಯೂ ಅದೇ ಒತ್ತು, ಅದೇ ದೀರ್ಘ ಇರಬೇಕು. ಅಂಥ ಜೋಡಿ ಸಿಗುವುದು ಕಷ್ಟ. ಕಮಲ, ಸಲಿಲ, ಕನಕ, ನಯನಗಳಿಗೆ ನಮ್ಮ ಪದಬಂಧಗಳಲ್ಲಿ ಬಿಡುವಿಲ್ಲದ ದುಡಿಮೆ ಬಿದ್ದಿರುವುದು ಇದರಿಂದಲೇ. ಈ ಇಕ್ಕಟ್ಟಿನೊಳಗೇ ಸಾವಿರಾರು ಪದಬಂಧಗಳನ್ನು ಕಟ್ಟಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಅವರಂಥವರ ತಾಳ್ಮೆ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ಹುಡುಕುವ ನನಗೆ ಒಂದು ಪದಬಂಧವನ್ನೂ ನೆಟ್ಟಗೆ ಕಟ್ಟಲು ಬಂದಿಲ್ಲ.

ಆದರೂ ಒಳ್ಳೆಯ ಸುಳಿವು ಯಾವುದು, ಕೆಟ್ಟದ್ದು ಯಾವುದು ಎಂದು ಬಿಡಿಸುವವರಿಗೆ ಗೊತ್ತಾಗಿಬಿಡುತ್ತದೆ. 'ಮಿನುಗು ಎಂದರೆ ಕಾವೇರಿ ಬಂದಳೆ? (2)' ಎಂಬ ಸುಳಿವಿದೆ ಎಂದುಕೊಳ್ಳಿ. ಉತ್ತರ 'ಹೊಳೆ'. ನಮ್ಮ ಕಡೆ ಹೊಳೆ ಎಂದರೆ ಕಾವೇರಿಯೇ. ಮಿನುಗು ಎಂದರೂ ಹೊಳೆ ಎಂದೇ. ಸುಳಿವು ನನ್ನನ್ನು ದಾರಿ ತಪ್ಪಿಸಿತು, ಆದರೆ ಸುಳ್ಳು ಹೇಳಲಿಲ್ಲ. ಉತ್ತರ ತಿಳಿದ ಮೇಲೆ ನಾನೇ ಹಣೆ ಚಚ್ಚಿಕೊಂಡು ಹೌದಲ್ಲ ಎನ್ನುತ್ತೇನೆ. ಇನ್ನೊಂದು ದಿನ ಒಂದು ಪತ್ರಿಕೆಯಲ್ಲಿ 'ಒಂದು ಊರು (3)' ಎಂದಿತ್ತು. ನಾನು ಅಭಿಮಾನದಿಂದ ಮದ್ದೂರು ಎಂದು ಬರೆದೆ. ಮಾರನೆಯ ದಿನ ನೋಡಿದರೆ ಹಾಸನ! ಇಲ್ಲಿ ಸೋತವರು ಯಾರು? ನನ್ನ ತಿಳಿವಳಿಕೆಯಂತೂ ಅಲ್ಲ.

ಇಂಗ್ಲೆಂಡಿನಲ್ಲಿ ಡೆರಿಕ್ ಸಾಮರ್‌ಸೆಟ್ ಮ್ಯಾಕ್ನಟ್ ಎಂಬ ಮೇಷ್ಟರಿದ್ದರು. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದವರು. 1939ರಿಂದ 'ಅಬ್ಸರ್ವರ್' ಪತ್ರಿಕೆಗೆ 'ಝಿಮೆನೀಸ್' ಎಂಬ ಹೆಸರಿನಲ್ಲಿ ಪದಬಂಧ ಕಟ್ಟಿದರು. ಆ ಹೆಸರು ಸ್ಪೇನಿನಲ್ಲಿ ಧರ್ಮದ ಹೆಸರಿನಲ್ಲಿ ಜನರನ್ನು ವಿಚಾರಣೆಗೆ ಗುರಿಪಡಿಸುತ್ತಿದ್ದ ಅಧಿಕಾರಿಯೊಬ್ಬನದು. ಹೆಸರು ಅಷ್ಟು ಕ್ರೂರವಾಗಿದ್ದರೂ ಅವರು 1966ರಲ್ಲಿ ಬರೆದ ಪುಸ್ತಕದಲ್ಲಿ ನಿಂತದ್ದು ಉತ್ತರಿಸುವವರ ಪಕ್ಷ. ಸುಳಿವು ಕೊಡುವವರು ಎಷ್ಟು ಬೇಕಾದರೂ ಮರೆಮಾಚಲಿ, ಆದರೆ ಹೇಳಿದ ಮಾತು ಉತ್ತರಕ್ಕೆ ನಿಜವಾಗಿ ಸಲ್ಲಬೇಕು ಎಂಬುದು ಅವರ ನಿಲುವು. ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಬಲವೆಲ್ಲ ಅವನ ಕೈಯಲ್ಲಿರುತ್ತದೆ. ಆದ್ದರಿಂದ ನಿಯಮದ ಕಟ್ಟು ಇರಬೇಕಾದ್ದು ಮೊದಲು ಅವನಿಗೆ.

ಈ ನ್ಯಾಯವನ್ನು ನಾನೂ ಒಮ್ಮೆ ಜೋರಾಗಿಯೇ ಕೇಳಿದೆ. 2014ರಲ್ಲಿ ಒಂದು ಪತ್ರಿಕೆಯಲ್ಲಿ 'ಮಂಡ್ಯ ಜಿಲ್ಲೆಯ ಜಲಪಾತ (4)' ಎಂಬ ಸುಳಿವು ಬಂತು. ಗಗನಚುಕ್ಕಿಗೆ ಐದು ಚೌಕ ಬೇಕು. ತಿಣುಕಿ ತಿಣುಕಿ ಬಿಟ್ಟೆ. ಮಾರನೆಯ ದಿನದ ಉತ್ತರ ಭರಚುಕ್ಕಿ. ಶಿವನಸಮುದ್ರದಲ್ಲಿ ಹೊಳೆ ಎರಡು ಕವಲಾಗಿ ಧುಮುಕುತ್ತದೆ. ಗಗನಚುಕ್ಕಿ ನಮ್ಮ ಮಳವಳ್ಳಿ ಕಡೆಯದು, ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನದು. ಎರಡೂ ಒಂದೇ ಎಂದುಕೊಂಡವರು ಸಲೀಸಾಗಿ ಬರೆದಿರುತ್ತಾರೆ. ಮಳವಳ್ಳಿಯ ಮಕ್ಕಳು ಬರೆಯಲಾರರು. ಸಂಪಾದಕರಿಗೆ ಒಂದು ಕಾರ್ಡು ಹಾಕಿದೆ. 'ಗೊತ್ತಿಲ್ಲದವರು ಗೆದ್ದು ಗೊತ್ತಿರುವವರು ಸೋಲುವಂಥ ಪ್ರಶ್ನೆ ಕೇಳುವುದು ಅನ್ಯಾಯ' ಎಂದು ಕೊನೆಯ ಸಾಲಿಗೆ ಅಡಿಗೆರೆ ಎಳೆದೆ. ಒಂದು ವಾರದಲ್ಲಿ ಪತ್ರಿಕೆ ಎರಡು ಸಾಲಿನ ತಿದ್ದುಪಡಿ ಹಾಕಿತು. ಅದನ್ನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದೆ.

ಆ ಸಂಜೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕುಳಿತಾಗ, ಅಡಿಗೆರೆ ಎಳೆದ ನನ್ನ ಮಾತೇ ನನಗೆ ಎದುರು ನಿಂತಿತು.

1998ರಲ್ಲಿ ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿದ್ದೆ. ಐದನೆಯ ತರಗತಿಯ ಕಿರುಪರೀಕ್ಷೆಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳನ್ನು ನಾನೇ ತೆಗೆದಿದ್ದೆ. 'ಹಾಲಿನಿಂದ ____ ತಯಾರಿಸುತ್ತಾರೆ' ಎಂಬುದು ಅದರಲ್ಲೊಂದು. ಮೊಸರು, ಬೆಣ್ಣೆ, ತುಪ್ಪ ಏನು ಬರೆದರೂ ಅಂಕ ಕೊಡುವ ಉದಾರತೆ ನನ್ನದು. ಒಬ್ಬ ಹುಡುಗ 'ಬೆಲ್ಲ' ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ. ಪತ್ರಿಕೆ ಕೊಟ್ಟಾಗ ಅವನು ಮೇಜಿನ ಹತ್ತಿರ ಬಂದು, "ಮಿಸ್, ಹಾಲಲ್ಲಿ ಬೆಲ್ಲ ಮಾಡಲ್ವಾ? ನಮ್ಮಪ್ಪ ದಿನಾ ಮಾಡ್ತದೆ ಮಿಸ್" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ಪುಸ್ತಕದಲ್ಲಿ ಇರೋದನ್ನ ಬರಿ, ಹೋಗು" ಎಂದು ಕಳಿಸಿದೆ.

ಅವನ ತಂದೆ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವ ಕೆಲಸಗಾರ. ಗಾಣದಿಂದ ಇಳಿಯುವ ಕಬ್ಬಿನ ರಸಕ್ಕೆ ನಮ್ಮ ಸೀಮೆಯಲ್ಲಿ ಹಾಲು ಎಂದೇ ಹೆಸರು. ಹಾಲು ತೊಟ್ಟಿಗೆ ಬರುತ್ತದೆ, ಕೊಪ್ಪರಿಗೆಗೆ ಹೋಗುತ್ತದೆ, ಸುಣ್ಣ ಹಾಕಿ ಮಡ್ಡಿ ತೆಗೆದು ಹದಕ್ಕೆ ಕಾಯಿಸಿದರೆ ಅಚ್ಚಿಗೆ ಬಿದ್ದು ಬೆಲ್ಲವಾಗುತ್ತದೆ. ಇದನ್ನು ಕಣ್ಣಾರೆ ಕಂಡು, ಹೊಗೆ ಕುಡಿದು ಬೆಳೆದ ಹುಡುಗ ಅವನು. ಇದು ನನಗೂ ಗೊತ್ತಿಲ್ಲದ ವಿಷಯವಲ್ಲ. ನಾನೂ ಆಲೆಮನೆಯಲ್ಲಿ ನಿಂತು ಕಬ್ಬಿನ ಹಾಲು ಕುಡಿದವಳೇ. ಗೊತ್ತಿದ್ದೂ ಪ್ರಶ್ನೆ ತೆಗೆಯುವಾಗ ಮರೆತೆ, ತಿದ್ದುವಾಗ ಮರೆತೆ, ಅವನು ಬಂದು ನೆನಪಿಸಿದರೂ ನೆನಪು ಮಾಡಿಕೊಳ್ಳಲಿಲ್ಲ. ಒಂದು ಅಂಕದಿಂದ ಅವನ ಪಾಸು ಫೇಲು ಏನೂ ಬದಲಾಗಲಿಲ್ಲ. ಆದರೆ ಆ ವರ್ಷ ಅವನು ಮತ್ತೆ ಕೈ ಎತ್ತಿ ಉತ್ತರ ಹೇಳಿದ ನೆನಪು ನನಗಿಲ್ಲ.

ಹಾಗಾದರೆ ಮಕ್ಕಳು ಬರೆದದ್ದೆಲ್ಲ ಸರಿಯೇ ಎಂದು ನೀವು ಕೇಳಬಹುದು. ಅಲ್ಲ. ಹಾಲಿನಿಂದ ಇಟ್ಟಿಗೆ ಎಂದು ಬರೆದರೆ ಅದು ತಪ್ಪೇ. ಎಲ್ಲ ಉತ್ತರಕ್ಕೂ ಅಂಕ ಕೊಟ್ಟರೆ ಕಷ್ಟಪಟ್ಟು ಓದಿದ ಮಗುವಿಗೆ ಮೋಸ ಮಾಡಿದಂತಾಗುತ್ತದೆ. ಅಳತೆ ಬೇಕು. ಆದರೆ ಅಳತೆಗೋಲು ಹಿಡಿದವರ ಕೈಯೂ ನಡುಗಬಹುದು ಎಂಬ ಅರಿವೂ ಬೇಕು.

ಇಲ್ಲಿ ಪದಬಂಧಕ್ಕಿರುವ ಒಂದು ಸೌಕರ್ಯ ಪರೀಕ್ಷೆಗಿಲ್ಲ. ಪದಬಂಧದಲ್ಲಿ ಅಡ್ಡಪದಕ್ಕೆ ಉದ್ದಪದ ಸಾಕ್ಷಿ ಹೇಳುತ್ತದೆ. ಸುಳಿವು ಮಬ್ಬಾಗಿದ್ದರೂ ಬೇರೆ ಪದದಿಂದ ಒಂದೆರಡು ಅಕ್ಷರ ಸಿಕ್ಕಿ ನಾನು ನನ್ನನ್ನೇ ತಿದ್ದಿಕೊಳ್ಳಬಹುದು. ಸುಳಿವು ಕೊಟ್ಟವರ ಮಾತೊಂದನ್ನೇ ನಂಬಿ ಕೂರಬೇಕಾಗಿಲ್ಲ. ಬಿಟ್ಟ ಸ್ಥಳದ ಮುಂದೆ ಕುಳಿತ ಮಗುವಿಗೆ ಅಂಥ ಸಾಕ್ಷಿ ಯಾರು? ಪ್ರಶ್ನೆ ನನ್ನದು, ಉತ್ತರ ನನ್ನದು, ತೀರ್ಪೂ ನನ್ನದು. ಆ ಹುಡುಗ ತನ್ನ ಅಪ್ಪನನ್ನೇ ಸಾಕ್ಷಿಗೆ ಕರೆದ. ನಾನು ಸಾಕ್ಷಿಯನ್ನು ಕೇಳಲೇ ಇಲ್ಲ. "ಯಾವ ಹಾಲಪ್ಪ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಮ್ಮ ಜಿಲ್ಲೆಯವರೇ ಆದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಯಾರು ಯಾವ ಪದ ಕೇಳಿದರೂ ಕುಳಿತು ಉತ್ತರಿಸಿದವರು. ಅವರು ಪ್ರಧಾನ ಸಂಪಾದಕರಾಗಿದ್ದ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೆರೆದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಅಲ್ಲಿ ಒಂದು ಪದದ ಕೆಳಗೆ ಒಂದು, ಎರಡು, ಮೂರು ಎಂದು ಅರ್ಥಗಳು ಸಾಲಾಗಿ ಕುಳಿತಿರುತ್ತವೆ. ಯಾವುದನ್ನೂ ಎಬ್ಬಿಸಿ ಕಳಿಸಿಲ್ಲ.

ಪತ್ರಿಕೆಯವರು ಒಂದು ಕಾರ್ಡಿಗೆ ಬೆಲೆ ಕೊಟ್ಟು ವಾರದೊಳಗೆ ತಿದ್ದಿಕೊಂಡರು. ನನ್ನ ತಪ್ಪು ತಿದ್ದಿಲ್ಲ. ಅವನೀಗ ಎಲ್ಲಿದ್ದಾನೋ ತಿಳಿಯದು. ಇದ್ದರೂ ಅವನಿಗೆ ಆ ಒಂದು ಅಂಕ ನೆನಪಿರಲಿಕ್ಕಿಲ್ಲ. ನೆನಪಿರುವುದು ನನಗೆ. ಈಗ ಪ್ರಶ್ನೆಪತ್ರಿಕೆ ತೆಗೆದ ಮೇಲೆ ಒಂದು ದಿನ ಬಿಟ್ಟು, ಗದ್ದೆಯ ಮನೆಯ ಮಗುವಾಗಿ, ಪೇಟೆಯ ಅಂಗಡಿಯ ಮಗುವಾಗಿ, ಆಲೆಮನೆಯ ಮಗುವಾಗಿ ನಾನೇ ಉತ್ತರ ಬರೆದು ನೋಡುತ್ತೇನೆ. ಪ್ರತಿ ಸಲವೂ ಎರಡು ಮೂರು ಪ್ರಶ್ನೆ ಉದುರುತ್ತವೆ. ಉದುರದೆ ಉಳಿದ ತಪ್ಪುಗಳೂ ಇರುತ್ತವೆ, ಅವನ್ನು ಮಕ್ಕಳು ಹೇಳಬೇಕು. ಹೇಳಲು ಬಂದವರನ್ನು ಈಗ ನಗಿಸಿ ಕಳಿಸುವುದಿಲ್ಲ.

ಪದಬಂಧವನ್ನು ನಾನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ತಪ್ಪಾದರೆ ರಬ್ಬರಿನಿಂದ ಒರೆಸಬಹುದೆಂದು. ಕೆಂಪು ಶಾಯಿಗೆ ಆ ಅನುಕೂಲವಿಲ್ಲ. ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆಂದು ಅತ್ತೆಯವರು ಇಂದು ಕೇಳಿದ್ದರೆ, ಕೇಳುವುದನ್ನು ಕಲಿಯುತ್ತಿದ್ದೇನೆ ಅತ್ತೆ ಎಂದು ಹೇಳುತ್ತಿದ್ದೆನೇನೋ.