ಹಿರಿಯರಿಲ್ಲದ ಎಡೆಯಲ್ಲಿ

ಅರಸನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂದು ನಮ್ಮ ಪ್ರಾಚೀನ ರಾಜನೀತಿಜ್ಞರು ಹೇಳಿರುವರು. ಇದೇ ಮಾತ್ಸ್ಯನ್ಯಾಯ. ಹಿರಿಯರಿಲ್ಲದ ಎಡೆಯಲ್ಲಿ ಎಳೆಯರ ಗತಿಯೂ ಇದೇ ಎಂಬ ನಂಬಿಕೆ ಲೋಕದಲ್ಲಿ ಬಲವಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಅಮೆರಿಕದ ರಾಬರ್ಟ್ ಹೈನ್‌ಲೈನ್ 1955ರಲ್ಲಿ ಬರೆದ ‘ಟನಲ್ ಇನ್ ದಿ ಸ್ಕೈ’ ಎಂಬ ಕಾದಂಬರಿ ಈ ಪ್ರಶ್ನೆಯನ್ನು ಅಂತರಿಕ್ಷದಲ್ಲಿಟ್ಟು ನೋಡುತ್ತದೆ. ಪರೀಕ್ಷಾರ್ಥವಾಗಿ ದೂರದ ಗ್ರಹವೊಂದಕ್ಕೆ ಹೋದ ವಿದ್ಯಾರ್ಥಿಗಳು ಕೆಲವೇ ದಿನಗಳಲ್ಲಿ ಮರಳಬೇಕಾಗಿದ್ದಿತು. ಅಷ್ಟರಲ್ಲಿ ನಕ್ಷತ್ರವೊಂದು ಸಿಡಿದುದರಿಂದ, ಅವರು ಹಾದುಬಂದ ಬಾಗಿಲೇ ಇಲ್ಲವಾಗುತ್ತದೆ. ಕ್ರೂರಮೃಗಗಳ ನಡುವೆ ಅವರು ಊರೊಂದನ್ನು ಕಟ್ಟಿ, ಮತದಿಂದ ನಾಯಕನನ್ನು ಆರಿಸುತ್ತಾರೆ. ಗುಂಪನ್ನು ಮೊದಲು ಕೂಡಿಸಿದ ರಾಡ್ ವಾಕರ್ ಸೋಲುತ್ತಾನೆ. ಮಾತುಬಲ್ಲ ಗ್ರಾಂಟ್ ಕೌಪರ್ ಗೆಲ್ಲುತ್ತಾನೆ. ಸೋತವನು ಗೆದ್ದವನ ಕೈಕೆಳಗೆ ದುಡಿಯುತ್ತಾನೆ.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಪ್ರಾಣವೇ ಪಣವಾಗಿರುವಾಗ ನಡೆಯಬೇಕಾದುದು ಬಲ್ಲವನ ಮಾತೋ, ಎಲ್ಲರೂ ಒಪ್ಪಿದವನ ಮಾತೋ? ಬಹುಮತವು ಮೃಗಗಳನ್ನು ಓಡಿಸಲಾರದು. ಕೌಪರನೂ ಅವುಗಳಿಗೇ ಬಲಿಯಾಗುತ್ತಾನೆ. ಆದರೆ ಬಲ್ಲವನು ಬಲಾತ್ಕಾರದಿಂದ ಆಳತೊಡಗಿದರೆ, ನಾಳೆ ಬರಿಯ ಬಲವೇ ಅರಿವಿನ ವೇಷ ತೊಟ್ಟು ಬಂದಾಗ ತಡೆಯುವವರಾರು? ಬಲ್ಲವನು ತನ್ನ ಅರಿವನ್ನು ಸಭೆಯ ಮುಂದಿಡಬೇಕು. ಸಭೆಯು ಅದಕ್ಕೆ ಕಿವಿಗೊಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಊರು ಉಳಿಯದು.

ಇದು ಕಥೆಯ ಮಾತೆನ್ನುವವರು ನಡೆದ ಸಂಗತಿಯೊಂದನ್ನು ನೋಡಬಹುದು. 1965ರಲ್ಲಿ ಟೊಂಗಾದ ಆರು ಮಂದಿ ವಿದ್ಯಾರ್ಥಿಗಳು ದೋಣಿಯೊಂದನ್ನು ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ, ನಿರ್ಜನವಾದ ಅಟಾ ದ್ವೀಪವನ್ನು ಸೇರಿದರು. ಸುಮಾರು 15 ತಿಂಗಳು ಸರದಿಯಂತೆ ದುಡಿದರು. ಒಮ್ಮೆ ಹೊತ್ತಿಸಿದ ಬೆಂಕಿಯನ್ನು ಆರಗೊಡಲಿಲ್ಲ. ಜಗಳವಾಡಿದವರು ದೂರ ಸರಿದು, ಕೋಪ ತಣಿದ ಮೇಲೆ ಮರಳಿ ಕೂಡುತ್ತಿದ್ದರು. ಒಬ್ಬನ ಕಾಲು ಮುರಿದಾಗ ಉಳಿದವರು ಮೂಳೆಯನ್ನು ಕೂಡಿಸಿ ಕಟ್ಟಿ, ಅವನ ಪಾಲಿನ ಕೆಲಸವನ್ನೂ ಹೊತ್ತರು. ದೊಡ್ಡ ಮೀನು ಅಲ್ಲಿ ಸಣ್ಣ ಮೀನನ್ನು ನುಂಗಲಿಲ್ಲ.

1966ರಲ್ಲಿ ಮರಳಿದ ಅವರಿಗೆ ಮೊದಲು ದೊರೆತುದು ದೋಣಿಗಳ್ಳರೆಂಬ ಸೆರೆ. ಕಥೆಯ ತರುಣರನ್ನೂ ಭೂಮಿಯವರು ಮತ್ತೆ ಮಕ್ಕಳೆಂದೇ ಕಾಣುತ್ತಾರೆ. ಕಳವು ಕಳವೇ ಸರಿ. ಆದರೆ ಆ 15 ತಿಂಗಳ ಸಂಯಮವೂ ಅಷ್ಟೇ ಸತ್ಯ. ಆಳುವ ಯೋಗ್ಯತೆಯನ್ನು ವಯಸ್ಸು ತಾನಾಗಿ ತಂದುಕೊಡುವುದಿಲ್ಲ. ತನ್ನ ಬಲಕ್ಕೆ ತಾನೇ ಎಲ್ಲೆಯನ್ನು ಹಾಕಿಕೊಳ್ಳುವವನಲ್ಲಿ ಅದು ಹುಟ್ಟುತ್ತದೆ. ಮನೆಯ ಯಾವ ಹೊಣೆಯನ್ನೂ ಎಳೆಯರ ಕೈಗೆ ಕೊಡದೆ, ಅವರಿಗೆ ವಿವೇಕವಿಲ್ಲವೆಂದು ದೂರುವ ಹಿರಿಯರು ಇದನ್ನು ಯೋಚಿಸಬೇಕು.